ಕಂಬ ನೋಡಿ ಮಾತಾಡುವವರು

ರೇಷ್ಮೆಹುಳ ಸಾಕುವ ಹುಳುಮನೆಯ ಬಾಗಿಲವಾಡ ಇವತ್ತೂ ನಡುವೆ ಡೊಂಕಾಗಿತ್ತು. ಚೆನ್ನರಾಯಪ್ಪ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದ. ಬಾಗಿಲವಾಡಕ್ಕೆ ನಡುಭಾಗವೇ ಇರಲಿಲ್ಲ, ಮೇಲೊಂದು ತುಂಡು, ಕೆಳಗೊಂದು ತುಂಡು, ಮಧ್ಯೆ ಬೂದಿಬಣ್ಣದ ಏನೂ ಇಲ್ಲದ ಜಾಗ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದ. ನಡುಭಾಗ ಬಂತು, ಆದರೆ ಒಳಕ್ಕೆ ಬಾಗಿಕೊಂಡು, ನೇರ ದಿಟ್ಟಿಸಿದ ಜಾಗದಲ್ಲಿ ಬೂದಿಯ ಕಲೆ ಮೆತ್ತಿಕೊಂಡು ಬಂತು. ಮೂವತ್ತು ವರ್ಷದ ಹಿಂದೆ ತಾನೇ ನಿಂತು, ತೂಗುಗುಂಡು ಇಳಿಬಿಟ್ಟು ಕೂಡಿಸಿದ ಬಾಗಿಲು ಅದು, ಒಂದು ನೂಲಿನಷ್ಟೂ ಆಚೀಚೆ ಆಗಲು ಬಿಟ್ಟಿರಲಿಲ್ಲ. ಮುಟ್ಟಿ ನೋಡಿದ, ಕೈಗೆ ನೆಟ್ಟಗೇ ಸಿಕ್ಕಿತು. ಕೈ ಒಂದು ಹೇಳುತ್ತದೆ, ಕಣ್ಣು ಒಂದು ಹೇಳುತ್ತದೆ, ಎಪ್ಪತ್ತನೇ ವಯಸ್ಸಿನಲ್ಲಿ ಇವೆರಡರ ಪಂಚಾಯ್ತಿ ಮಾಡುವವರು ಯಾರು ಎಂದುಕೊಂಡು ಒಳಗೆ ಹೋಗಿ ಸುಣ್ಣದ ಡಬ್ಬದ ಹಿಂದೆ ಕೈಹಾಕಿದ. ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರಮ್ಮ ಕೊಟ್ಟ ಕಾಗದ ಅಲ್ಲೇ ಇತ್ತು. ಶಾಲೆ ಮಕ್ಕಳ ಲೆಕ್ಕದ ಪುಸ್ತಕದ ಹಾಳೆಯಂತೆ ಅಡ್ಡಗೆರೆ ಉದ್ದಗೆರೆ ಎಳೆದ ಚೌಕಳಿ ಕಾಗದ, ನಡುವೆ ಒಂದು ಕಪ್ಪು ಚುಕ್ಕೆ. ದಿನಾ ಒಂದೊಂದೇ ಕಣ್ಣಲ್ಲಿ ಆ ಚುಕ್ಕೆ ನೋಡಬೇಕು, ಸುತ್ತಲಿನ ಗೆರೆ ಹೇಗಿದೆ ಎಂದು ಗಮನಿಸಬೇಕು ಎಂದಿದ್ದಳು. ಬಲಗಣ್ಣಿಗೆ ನಿನ್ನೆ ನಾಲ್ಕು ಚೌಕ ಕುಸಿದಿದ್ದವು, ಇವತ್ತು ಆರೋ ಏಳೋ. ಕಾಗದ ಮಡಿಸಿ ಮತ್ತೆ ಡಬ್ಬದ ಹಿಂದೆ ಇಟ್ಟ. ಅವಳು ಕೊಟ್ಟ ಒಂದು ವಾರದ ಗಡುವಿನಲ್ಲಿ ಇದು ಆರನೇ ದಿನ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ.

ಆ ಡಾಕ್ಟರಮ್ಮನ ಹತ್ತಿರ ಹೋದ ದಿನ ರೇಷ್ಮೆ ಇಲಾಖೆಯಲ್ಲಿ ಕೆಲಸವಿದೆ ಎಂದು ಹೆಂಡತಿಗೆ ಸುಳ್ಳು ಹೇಳಿ ಶಿಡ್ಲಘಟ್ಟಕ್ಕೆ ಹೋಗಿ ಚಿಕ್ಕಬಳ್ಳಾಪುರದ ಬಸ್ಸು ಹಿಡಿದಿದ್ದ. ಬಸ್ ಸ್ಟ್ಯಾಂಡಿನಲ್ಲಿ ರೀಲರ್ ಮೋಹನ್‌ಬಾಬು ಎದುರಿಗೇ ನಿಂತಿದ್ದನಂತೆ, ಇಪ್ಪತ್ತು ವರ್ಷ ತನ್ನ ಗೂಡು ಕೊಂಡು ನೂಲು ತೆಗೆದ ಮನುಷ್ಯ. ಗುರುತಾಗದೆ ದಾಟಿಹೋದ. "ದೊಡ್ಡೋರಾಗ್ಬಿಟ್ರಿ ಬಿಡಿ ಚೆನ್ನರಾಯಪ್ಪನೋರೆ" ಎಂದು ಬೆನ್ನಹಿಂದೆ ದನಿ ಕೇಳಿದಾಗಲೇ ಗೊತ್ತಾದದ್ದು. ತಿರುಗಿ ನಗಲು ಹೋದರೆ ಮುಖದ ಜಾಗದಲ್ಲಿ ಮುಖವಿಲ್ಲ. ಕಿವಿ ಇತ್ತು, ಅಂಗಿಯ ಕಾಲರ್ ಇತ್ತು. ಆ ನಗು ಯಾರಿಗೆ ತಲುಪಿತೋ ಗೊತ್ತಾಗಲಿಲ್ಲ. ಪೊರೆ ಬಂದಿರಬೇಕು, ತೆಗೆಸಿಬಿಟ್ಟರೆ ಮುಗಿಯಿತು ಎಂದು ನಂಬಿಕೊಂಡು ಹೋದವನಿಗೆ ಶ್ರೀವಿದ್ಯಾ ಎಂಬ ಆ ಡಾಕ್ಟರಮ್ಮ, ತನ್ನ ಮಗಳಿಗಿಂತ ಚಿಕ್ಕವಳು, ಕಂಪ್ಯೂಟರಿನಲ್ಲಿ ಅವನ ಕಣ್ಣಿನ ಫೋಟೋ ದೊಡ್ಡದು ಮಾಡಿ ತೋರಿಸಿದಳು. ಕೆಂಪು ಹಲಗೆಯ ಮೇಲೆ ಹಳದಿ ಚುಕ್ಕೆಗಳು, ಮೊಟ್ಟೆ ಹಾಳೆಯ ಮೇಲೆ ಚಿಟ್ಟೆ ಮೊಟ್ಟೆಯಿಟ್ಟ ಹಾಗೆ. "ಇದು ಪೊರೆ ಅಲ್ಲ ತಾತ. ವಯಸ್ಸಾದ ಮೇಲೆ ಕಣ್ಣಿನ ಹಿಂದಿನ ಪರದೆ ನಡುಮಧ್ಯ ಸವೀತಾ ಬರುತ್ತೆ. ಎದುರಿಗೆ ನೇರ ನೋಡೋದಕ್ಕೆ ಇರೋ ಜಾಗ ಅದು. ಸುತ್ತಲಿಂದೇನೂ ಹೋಗಲ್ಲ, ನಡುವಿಂದು ಹೋಗುತ್ತೆ. ಇದ್ರಲ್ಲಿ ಎರಡು ಥರ, ಒಂದು ಒಣದ್ದು, ಒಂದು ಒದ್ದೇದು." ಒಣದ್ದು ವರ್ಷಗಟ್ಟಲೆ ನಿಧಾನಕ್ಕೆ ತಿನ್ನುತ್ತದಂತೆ, ಎಡಗಣ್ಣಿನ ನಡುಭಾಗವನ್ನು ಅದು ಆಗಲೇ ಒಣಗಿಸಿ ಮುಗಿಸಿತ್ತು. ಬಲಗಣ್ಣಿನಲ್ಲಿದ್ದ ಒಣದ್ದು ಈಗ ಎರಡು ತಿಂಗಳಿಂದ ಒದ್ದೆಯಾಗಿತ್ತು, ಪರದೆಯ ಕೆಳಗೆ ಬೇಡದ ರಕ್ತನಾಳ ಹುಟ್ಟಿ ಸೋರುತ್ತಿದ್ದವು, ಅದಕ್ಕೇ ಗೆರೆ ಡೊಂಕು. ಹುಳ ಸಾಕುವವನಿಗೆ ಒದ್ದೆ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒದ್ದೆ ಸೊಪ್ಪು ಹಾಕಿದರೆ ಎರಡು ದಿನದಲ್ಲಿ ತಟ್ಟೆಗೆ ತಟ್ಟೆಯೇ ನೀರಾಗುತ್ತದೆ. "ಎಡಗಣ್ಣಲ್ಲಿ ಹೋಗಿದ್ದು ಬರಲ್ಲ. ಬಲಗಣ್ಣಿಗೆ ತಿಂಗಳಿಗೊಂದರ ಹಂಗೆ ಇಂಜೆಕ್ಷನ್ ಶುರು ಮಾಡಿದ್ರೆ ಇರೋದಾದ್ರೂ ಉಳೀಬಹುದು. ವಾರದೊಳಗೆ ಬನ್ನಿ, ಮನೆಯವರನ್ನ ಕರ್ಕೊಂಡು ಬನ್ನಿ. ಬೀಡಿ ಬಿಡಿ." ಆಮೇಲೆ ಪೆನ್ನು ತೆಗೆದುಕೊಂಡು, "ಮನೇಲಿ ಯಾರಿಗಾದ್ರೂ ಹಿಂಗಿತ್ತಾ? ಅಪ್ಪ, ಅಮ್ಮ?" ಎಂದಳು. "ಇಲ್ಲ" ಎಂದ. ಅವಳು ಇಲ್ಲ ಎಂದೇ ಬರೆದುಕೊಂಡಳು.

ಈ ಆರನೇ ದಿನ ಬೆಳಿಗ್ಗೆ ಎಂಟಕ್ಕೆಲ್ಲ ಬೀದಿಯ ಹೆಂಗಸರು ಬಂದರು. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ದಿನ ಯಾರ ಮನೆಯಲ್ಲೂ ಮನೆಯವರಷ್ಟೇ ಸಾಲುವುದಿಲ್ಲ, ಇವತ್ತು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು, ಮುಯ್ಯಾಳು ಲೆಕ್ಕದಲ್ಲಿ ನಡೆಯುತ್ತದೆ. ಮಗ ನರೇಂದ್ರ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಶನಿವಾರ ಬರುವವನು. ಸೊಸೆ ಲಾವಣ್ಯ ಎಲ್ಲರಿಗೂ ಕಾಫಿ ಕೊಟ್ಟು ತಾನೂ ಸೆರಗು ಸಿಕ್ಕಿಸಿ ನಿಂತಳು. ಕದಿರಮ್ಮ ಎಲ್ಲರಿಗಿಂತ ಹಿರಿಯಳು, ಚೆನ್ನರಾಯಪ್ಪನ ತಾಯಿ ಓಬಳಮ್ಮನ ಜೊತೆಗಾತಿಯಾಗಿದ್ದವಳು, ಎಂಬತ್ತು ದಾಟಿದರೂ ಬೆರಳು ಇನ್ನೂ ಚುರುಕು. ಈ ಮನೆಯಲ್ಲಿ ಮೊದಲ ಹಣ್ಣು ಹುಳವನ್ನು ಯಜಮಾನನೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಆಮೇಲೆ ಉಳಿದವರು ಕೈಹಾಕಬೇಕು. ಎಲ್ಲರೂ ಅವನ ಕೈ ನೋಡುತ್ತ ನಿಂತರು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸುತ್ತದೆ, ಮೈ ಬಿಳುಪು ಹೋಗಿ ದ್ರಾಕ್ಷಿಯ ಹಾಗೆ ಬೆಳಕು ಒಳಗಿಂದ ಕಾಣುತ್ತದೆ. ನಲವತ್ತೈದು ವರ್ಷ ಅದನ್ನು ಅವನು ನೋಡಿ ಅಲ್ಲ, ಸುಮ್ಮನೆ ತಿಳಿದು ಎತ್ತುತ್ತಿದ್ದ. ಈಗ ಯಾವ ಹುಳದ ಮೇಲೆ ಕಣ್ಣಿಟ್ಟರೆ ಆ ಹುಳವೇ ಅಳಿಸಿಹೋಗುತ್ತಿತ್ತು. ಅದರ ಪಕ್ಕದ್ದು ಕಾಣುತ್ತಿತ್ತು. ಪಕ್ಕದ್ದಕ್ಕೆ ಕಣ್ಣು ಹೊರಳಿಸಿದರೆ ಅದು ಹೋಗಿ ಮೊದಲನೆಯದು ಅಂಚಿನಲ್ಲಿ ಬರುತ್ತಿತ್ತು. ಈ ಎರಡು ತಿಂಗಳಲ್ಲಿ ಯಾರೂ ಕಲಿಸದೆ ಅವನು ಒಂದು ಉಪಾಯ ಕಲಿತಿದ್ದ: ನೋಡಬೇಕಾದದ್ದನ್ನು ನೋಡಬಾರದು, ಅದರ ಮಗ್ಗುಲಿಗೆ ನೋಡಬೇಕು, ಆಗ ಅದು ತಾನಾಗಿ ಬಂದು ನಿಲ್ಲುತ್ತದೆ. ತಟ್ಟೆಯ ಅಂಚನ್ನು ನೋಡುತ್ತ ಒಂದು ಹುಳ ಎತ್ತಿ ಚಂದ್ರಿಕೆಗೆ ಬಿಟ್ಟ. ಎಲ್ಲರೂ ಕೆಲಸಕ್ಕೆ ಬಗ್ಗಿದರು.

ಹೆಂಗಸರು ಒಂದು ಮಾತು ಕನ್ನಡದಲ್ಲಿ, ಒಂದು ಮಾತು ತೆಲುಗಿನಲ್ಲಿ ಆಡುತ್ತ ಸಾಲಿನಿಂದ ಸಾಲಿಗೆ ಸರಿಯುತ್ತಿದ್ದರು. ಅವನು ಮಾತಿಗೆ ಸಿಗದಂತೆ ಮೂಲೆಯ ತಟ್ಟೆ ಹಿಡಿದುಕೊಂಡಿದ್ದ. ಮುಕ್ಕಾಲು ಗಂಟೆ ಕಳೆದಿರಬಹುದು, ತಾನು ತುಂಬಿಸಿಟ್ಟ ಚಂದ್ರಿಕೆಯ ಹತ್ತಿರ ಯಾರೋ ನಿಂತಿದ್ದಾರೆ ಅನ್ನಿಸಿತು. ಅಂಚುಗಣ್ಣಲ್ಲಿ ಕಂಡಿತು: ಕದಿರಮ್ಮ. ಬಿದಿರಿನ ಸುತ್ತುಗಳೊಳಗಿಂದ ಅವನು ಬಿಟ್ಟ ಹುಳಗಳನ್ನು ಒಂದೊಂದಾಗಿ ತೆಗೆದು ಮಡಿಲಿಗೆ ಹಾಕಿಕೊಂಡು, ಸದ್ದಿಲ್ಲದೆ ಸೊಪ್ಪಿನ ತಟ್ಟೆಗೆ ವಾಪಸು ಬಿಡುತ್ತಿದ್ದಳು. ಹಣ್ಣಾಗದ ಹುಳ ಅಲ್ಲಿ ಗೂಡು ಕಟ್ಟುವುದಿಲ್ಲ, ಹಸಿದು ಅಲೆದಾಡಿ ಪಕ್ಕದವುಗಳ ನೂಲು ಕೆಡಿಸುತ್ತದೆ. ಅವಳು ಬೈದಿದ್ದರೆ ಚೆನ್ನಾಗಿತ್ತು, ಯಾರನ್ನಾದರೂ ಕರೆದು ತೋರಿಸಿದ್ದರೂ ಚೆನ್ನಾಗಿತ್ತು. ತನ್ನ ಮಾನವನ್ನು ಮಡಿಲಿಗೆ ತುಂಬಿಕೊಂಡು ಹೋಗುವ ಆ ಮುದುಕಿಯ ಮೇಲೆ ಅವನಿಗೆ ಸಿಟ್ಟು ಬಂತು. ಕಾಣದವನಂತೆ ಮುಖ ಬೇರೆ ಕಡೆ ಮಾಡಿದ; ಹಾಗೆ ಮಾಡಿದ ಕೂಡಲೇ ಅವಳು ಇನ್ನಷ್ಟು ಚೆನ್ನಾಗಿ ಕಂಡಳು.

ಅದೇ ಹೊತ್ತಿಗೆ ಕಾಲಬಳಿ ನೆಲದ ಮೇಲೆ ಏನೋ ಹರಿಯಿತು. ಬಗ್ಗಿ ಎರಡು ಬೆರಳಲ್ಲಿ ಎತ್ತಿದ, ತಟ್ಟೆಯಿಂದ ಜಾರಿದ ಹುಳ. "ನೋಡಿ, ನಮ್ ಮಾವಂಗೆ ಈಗ್ಲೂ ಎಂಥಾ ಕಣ್ಣು ಅಂತ. ನಾನಾಗಿದ್ರೆ ತುಳಿದೇ ಬಿಡ್ತಿದ್ದೆ" ಎಂದಳು ಲಾವಣ್ಯ, ಹೊಗಳುವುದಕ್ಕೇ ಹೇಳಿದ್ದು. ಕದಿರಮ್ಮನ ಕೈ ಒಂದು ಗಳಿಗೆ ನಿಂತಿತು. ಚೆನ್ನರಾಯಪ್ಪನ ಅಂಗೈಯಲ್ಲಿ ಹುಳ ತಣ್ಣಗೆ ಹೊರಳುತ್ತಿತ್ತು. ವರ್ಷಗಳ ಹಿಂದೆ, ಅಮ್ಮ ಬದುಕಿದ್ದಾಗ, ಆವತ್ತಿನ ಹುಳವೂ ಇಷ್ಟೇ ತಣ್ಣಗಿತ್ತು. ಆವತ್ತೂ ಇದೇ ಹುಳುಮನೆ, ಇದೇ ಕೆಲಸ, ಇದೇ ಹೆಂಗಸರಲ್ಲಿ ಅರ್ಧ ಜನ. ಅಮ್ಮ ಬಾಗಿಲಿಂದ ಬರುತ್ತಿದ್ದಳು. ಹಿಂದಿನ ವಾರವೆಲ್ಲ ಒಂದೇ ಹಾಡು ಹಾಡಿದ್ದಳು: "ನಿನ್ ಮುಖ ಕಾಣಲ್ಲ ಕಣೋ ಚೆನ್ನಪ್ಪ, ನಡುಮಧ್ಯ ಯಾರೋ ಬೆರಳಿಟ್ಟು ಒರೆಸ್ದಂಗೈತೆ." ಅವಳು ಬರುವ ದಾರಿಯ ಮಗ್ಗುಲಲ್ಲಿ ಒಂದು ಹುಳವನ್ನು ಅವನು ನೆಲಕ್ಕೆ ಬಿಟ್ಟ. ಜಾರಿದ್ದಲ್ಲ, ಬಿಟ್ಟದ್ದು; ಅದು ಅವನಿಗೊಬ್ಬನಿಗೇ ಗೊತ್ತು. ಅಮ್ಮ ನಿಂತಳು, ಬಗ್ಗಿದಳು, ಎತ್ತಿ, "ತುಳಿದೀರಾ, ಜೋಕೆ" ಎಂದಳು. ಅವನು ಕೈ ತಟ್ಟಿ ಎಲ್ಲರಿಗೂ ಕೇಳುವ ಹಾಗೆ, "ನೋಡ್ರಮ್ಮ, ನೆಲದ ಮೇಲಿನ ಹುಳ ಕಾಣುತ್ತಂತೆ, ಹೆತ್ತ ಮಗನ ಮುಖ ಕಾಣಲ್ವಂತೆ. ಯಾವ ನಾಟಕದ ಕಂಪನಿಗಾದ್ರೂ ಸೇರಿಸ್ಬಹುದಿತ್ತು" ಎಂದ. ಹೆಂಗಸರು ನಕ್ಕರು. ಕದಿರಮ್ಮನೂ ನಕ್ಕಳು. ಹೆಂಡತಿ ಶಾಂತಕುಮಾರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಮ್ಮ ಹುಳವನ್ನು ತಟ್ಟೆಗೆ ಹಾಕಿ ಹೊರಗೆ ಹೋದಳು. ಆಮೇಲೆ ಬದುಕಿದ್ದ ಐದು ವರ್ಷದಲ್ಲಿ ಕಣ್ಣಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಕೊನೆಕೊನೆಗೆ ಅಂಗಳದಲ್ಲಿ ಹಸಿರು ಸೀರೆಯ ಹೆಂಗಸರು ಸಾಲಾಗಿ ಕೂತಿದ್ದಾರೆ ಎನ್ನುತ್ತಿದ್ದಳು, ತಾಯತ ಕಟ್ಟಿಸಿದ್ದಾಯಿತು. ಡಾಕ್ಟರಮ್ಮ ಹೋದ ವಾರ ತಾನಾಗಿಯೇ ಹೇಳಿದ್ದಳು, ಕೆಲವರಿಗೆ ಇಲ್ಲದ್ದು ಕಾಣಬಹುದು ತಾತ, ಹೆದರ್ಬೇಡಿ, ಅದು ತಲೆ ಕೆಟ್ಟಿರೋದಲ್ಲ, ಕಣ್ಣು ಖಾಲಿ ಜಾಗ ತುಂಬಿಸ್ಕೊಳ್ಳೋದು, ಅಂತ.

ಆವತ್ತು ಅಷ್ಟು ಸಿಟ್ಟು ಯಾಕಿತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು ಶಿಡ್ಲಘಟ್ಟದ ನೋಂದಣಿ ಕಚೇರಿಯಲ್ಲಿ ಅಕ್ಕ ಆದಿಲಕ್ಷ್ಮಮ್ಮ ಜಮೀನಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಳು. ಚಿಂತಾಮಣಿಯಿಂದ ಬೆಳಗಿನ ಬಸ್ಸಿಗೆ ಬಂದು, ಎಲ್ಲಿ ಹಾಕಬೇಕು ಎಂದು ಕೇಳಿ, ಹಾಕಿ, ಕೊಟ್ಟ ಸೀರೆ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದಳು. ಊಟಕ್ಕೂ ನಿಲ್ಲಲಿಲ್ಲ, ಅವನೂ ನಿಲ್ಲು ಎನ್ನಲಿಲ್ಲ. ಅಮ್ಮ ಬೆಂಚಿನ ಮೇಲೆ ಕೂತಿದ್ದಳು. ಹೋಗಣ ಬಾಮ್ಮ ಎಂದಾಗ ಅವಳು ಅವನ ಮುಖ ನೋಡಲಿಲ್ಲ, ಅವನ ಭುಜದಾಚೆಯ ಗೋಡೆ ನೋಡುತ್ತ ಎದ್ದಳು. ಅಲ್ಲಿಂದ ಶುರು. ಜಗಲಿಯಲ್ಲಿ ಕೂತು ಊಟಕ್ಕೆ ಕರೆದರೂ ಕಂಬ ನೋಡಿ ಕರೆದಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದರೂ ಕಂಬ ನೋಡುತ್ತಲೇ ನೋಡಿದಳು. ಮಗಳ ಪಾಲು ತಿಂದವನ ಮುಖ ನೋಡಲಾರೆ ಎಂದು ಅವಳು ಬಾಯಿಬಿಟ್ಟು ಅಂದಿರಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಒಂಬತ್ತು ವರ್ಷ, ಅವಳು ಸಾಯುವ ತನಕ, ಆ ಓರೆನೋಟ ಮನೆಯೊಳಗೆ ಒಂದು ತೀರ್ಪಿನ ಹಾಗೆ ಓಡಾಡಿತು. ಅವನೂ ಅದಕ್ಕೆ ತಕ್ಕ ಹಾಗೆ ಗಟ್ಟಿಯಾದ. ಅವಳಿಗೆ ನಾನು ಬೇಡವಾದರೆ ನನಗೂ ಅವಳು ಬೇಡ ಎಂಬ ಲೆಕ್ಕ ಅನುಕೂಲದ್ದಾಗಿತ್ತು. ಅದರ ಮೇಲೆ ಅವನು ಆರಾಮಾಗಿ ನಿಂತಿದ್ದ. ಅಮ್ಮನಿಗೂ ಇದೇ ರೋಗವಿತ್ತೆಂದು ಚಿಕ್ಕಬಳ್ಳಾಪುರದ ಆ ಕುರ್ಚಿಯಲ್ಲಿ ಕೂತಾಗಲೇ ತಿಳಿದಿತ್ತು. ಹೆಂಡತಿಗೆ ಕಣ್ಣಿನ ವಿಷಯ ಹೇಳಿದರೆ ನೆಲದ ಹುಳದ ವಿಷಯವೂ ಹೊರಬರುತ್ತದೆ. ಒಂದು ಕಣ್ಣು ಹೋದರೆ ಹೋಗಲಿ, ಇದು ಬೇಡ ಎಂದುಕೊಂಡೇ ಆರು ದಿನ ಕಳೆದಿದ್ದ.

ಮಧ್ಯಾಹ್ನದ ಊಟವಾಗಿ ಹೆಂಗಸರು ಹೊರಟರು. ಕದಿರಮ್ಮ ಚಪ್ಪಲಿ ಮೆಟ್ಟುತ್ತ, "ಏಮಪ್ಪಾ, ಆ ಮೂಲೇದು ನಾನು ನೋಡ್ಕೊಂಡಿದೀನಿ. ಕಣ್ಣು ತೋರ್ಸು" ಎಂದಷ್ಟೇ ಅಂದಳು. ಲಾವಣ್ಯ ಪಾತ್ರೆ ತೆಗೆದುಕೊಂಡು ಮನೆಕಡೆ ಹೋದಳು. ಹುಳುಮನೆಯಲ್ಲಿ ಅವನೂ ಶಾಂತಕುಮಾರಿಯೂ ಉಳಿದರು. ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು ಬೆಳಗಿಗಿಂತ ಕಮ್ಮಿಯಾಗಿತ್ತು. ಅವಳು ಉಳಿದ ಸೊಪ್ಪಿನ ಕಡ್ಡಿ ಕಟ್ಟುತ್ತಿದ್ದಳು, ಅವನು ಚಂದ್ರಿಕೆಗಳನ್ನು ಗೋಡೆಗೆ ಒರಗಿಸುತ್ತಿದ್ದ. ಕಡ್ಡಿ ಕಟ್ಟುವುದು ನಿಲ್ಲಿಸಿ ಅವಳು ಹೇಳಿದಳು, "ಒಂದ್ಮಾತು ಕೇಳ್ತೀನಿ, ಬೈಬೇಡಿ. ನಾನೇನು ತಪ್ಪು ಮಾಡ್ದೆ?"

"ಯಾಕೆ?"

"ಎರಡು ತಿಂಗಳಾಯ್ತು, ನನ್ನ ಮುಖ ನೋಡಿ ಮಾತಾಡಿಲ್ಲ ನೀವು. ಅನ್ನ ಬಡಿಸಿದ್ರೆ ಗೋಡೆ ನೋಡ್ತೀರಾ. ಏನಾದ್ರೂ ಕೇಳಿದ್ರೆ ಕಂಬ ನೋಡಿ ಹೇಳ್ತೀರಾ. ಲಾವಣ್ಯ ಕೂಡ ಗಮನಿಸವ್ಳೆ. ನಲವತ್ತೆರಡು ವರ್ಷ ಆದ್ಮೇಲೆ ಮುಖ ನೋಡಬಾರ್ದಂಗೆ ಏನು ಮಾಡಿದೀನಿ ಅಂತ ಹೇಳಿಬಿಡಿ, ಸುಮ್ನೆ ಹಿಂಗೆ ಸಾಯಿಸ್ಬೇಡಿ."

ಅವನು ಇಲ್ಲ ಕಣೇ ಎನ್ನಲು ಅವಳ ಕಡೆ ತಿರುಗಿದ. ನೇರ ನೋಡಿದ್ದರಿಂದ ಅವಳ ಮುಖ ಅಳಿಸಿಹೋಯಿತು; ಸೀರೆಯ ಅಂಚು, ಕೈಯಲ್ಲಿನ ಹಗ್ಗ, ಒಂದು ಕಿವಿ, ನಡುವೆ ಬೂದಿ. ಅಭ್ಯಾಸದಂತೆ ಕಣ್ಣನ್ನು ಅವಳ ಕಿವಿಯಾಚೆಯ ಕಂಬಕ್ಕೆ ಹೊರಳಿಸಿದ. ಮುಖ ಬಂತು. ಮಸುಕಾಗಿತ್ತು, ಆದರೆ ಅವಳದೇ ಮುಖ: ಮೂಗುಬೊಟ್ಟು, ಗಲ್ಲದ ಮೇಲೆ ಅಂಟಿದ ಸೊಪ್ಪಿನ ಚೂರು, ತಡೆದಿಟ್ಟ ಅಳು. ಎರಡು ತಿಂಗಳಿಂದ ದಿನಾ ಹೀಗೆಯೇ ಕಂಬ ನೋಡಿ ನೋಡಿ ಈ ಮುಖವನ್ನೇ ಅವನು ನೋಡುತ್ತಿದ್ದದ್ದು. ಬೇರೆ ಯಾವ ಕಾರಣಕ್ಕೂ ಅಲ್ಲ, ಅವಳನ್ನು ನೋಡುವುದಕ್ಕೆ. ಅವನ ಕೈಯಲ್ಲಿದ್ದ ಚಂದ್ರಿಕೆ ಮೆಲ್ಲಗೆ ನೆಲಕ್ಕೆ ಇಳಿಯಿತು. ನೋಂದಣಿ ಕಚೇರಿಯ ಬೆಂಚು, ಭುಜದಾಚೆಯ ಗೋಡೆ, ಜಗಲಿಯ ಕಂಬ, ಜ್ವರದ ಹಣೆಯ ಮೇಲಿನ ಕೈ. ಅಮ್ಮ ಒಂಬತ್ತು ವರ್ಷ ತನ್ನನ್ನು ನೋಡದೆ ಇದ್ದಳೆಂದು ಅವನು ತಿಳಿದಿದ್ದ. ಅವಳು ಒಂದು ದಿನವೂ ನೋಡುವುದನ್ನು ಬಿಟ್ಟಿರಲಿಲ್ಲ. ಅವಳಿಗೆ ಸಿಟ್ಟಿತ್ತೋ ಇಲ್ಲವೋ, ಇನ್ನು ಗೊತ್ತಾಗುವ ಹಾಗಿಲ್ಲ. ಆದರೆ ಅದು ಆ ನೋಟದಲ್ಲಿ ಇರಲಿಲ್ಲ. ಸಿಟ್ಟಿತ್ತೆಂದು ನಂಬಿಕೊಂಡಿದ್ದಷ್ಟು ಕಾಲ ಬದುಕುವುದು ಸುಲಭವಾಗಿತ್ತು. ಅವನು ಸೊಪ್ಪಿನ ಹೊರೆಯ ಮೇಲೆ ಕೂತ.

"ನಿನ್ನನ್ನ ನೋಡೋದಕ್ಕೇ ಕಣೇ ಕಂಬ ನೋಡ್ತಿರೋದು" ಎಂದ. ಆಮೇಲೆ ಎದ್ದು ಡಬ್ಬದ ಹಿಂದಿನ ಕಾಗದ ತಂದು ಅವಳ ಕೈಗಿಟ್ಟು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ, ಒಣದ್ದು, ಒದ್ದೇದು, ಇಂಜೆಕ್ಷನ್ನು, ನಾಳೆ ಕೊನೆಯ ದಿನ. ಶಾಂತಕುಮಾರಿ ಕಾಗದ ಹಿಂದುಮುಂದು ಮಾಡಿ ನೋಡಿದಳು. ಅವಳಿಗೆ ಗೆರೆಗಳು ನೆಟ್ಟಗೇ ಕಂಡಿರಬೇಕು.

"ಅತ್ತೇನೂ ಹಿಂಗೇ ಹೇಳ್ತಿದ್ರಲ್ಲ" ಎಂದಳು ನಿಧಾನಕ್ಕೆ. "ನಡುಮಧ್ಯ ಒರೆಸ್ದಂಗೆ ಅಂತ."

"ಹೂಂ."

"ಆದ್ರೆ ಆವತ್ತು ಹುಳ ಎತ್ತಿದ್ರಲ್ಲ, ಬಿದ್ದಿರೋದು."

"ಬಿದ್ದಿದ್ದಲ್ಲ ಅದು. ನಾನೇ ಹಾಕಿದ್ದು."

ಅವಳು ಬೈಯುತ್ತಾಳೆ ಎಂದು ಕಾದ. ಅವಳು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. "ನಾನೂ ನಕ್ಕೆ" ಎಂದಳು ಕೊನೆಗೆ. "ಆದಿಲಕ್ಷ್ಮಮ್ಮನೋರ್ಗೂ ಹೇಳ್ಬೇಕು. ಒಂದೇ ರಕ್ತ, ಅವರ ಕಣ್ಣು ಹೆಂಗಿದ್ಯೋ." ಹೇಳ್ತೀನಿ, ನಾನೇ ಹೇಳ್ತೀನಿ ಎಂದ. ಅಕ್ಕನ ನಂಬರು ಅವನ ಫೋನಿನಲ್ಲಿರಲಿಲ್ಲ, ಲಾವಣ್ಯನ ಫೋನಿನಲ್ಲಿ ಇತ್ತು.

ಮಾರನೆಯ ದಿನ ಚಂದ್ರಿಕೆಗಳನ್ನು ಲಾವಣ್ಯಳಿಗೂ ಕದಿರಮ್ಮನಿಗೂ ಒಪ್ಪಿಸಿ ಇಬ್ಬರೂ ಮೊದಲ ಬಸ್ಸಿಗೆ ಹೊರಟರು. ಬಸ್ಸಿನ ಬೋರ್ಡನ್ನು ಶಾಂತಕುಮಾರಿ ಓದಿದಳು. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಶ್ರೀವಿದ್ಯಾ ಡಾಕ್ಟರಮ್ಮ ಒಳಗೆ ಇನ್ನೊಬ್ಬರಿಗೆ ಸೂಜಿ ಹಾಕುತ್ತಿದ್ದಳು. ಬಿಳಿ ಕೋಟಿನ ಹುಡುಗಿಯೊಬ್ಬಳು ಫಾರಂ ಹಿಡಿದು ಬಂದಳು. ಅವಳಿಗೂ ಮುಖವಿರಲಿಲ್ಲ, ದನಿ ಮಾತ್ರ ಸಣ್ಣ ವಯಸ್ಸಿನದು. ಹೆಸರು, ಊರು, ಸಕ್ಕರೆ ಕಾಯಿಲೆ, ಬೀಡಿ ಎಲ್ಲ ಕೇಳಿ, "ಮನೇಲಿ ಯಾರಿಗೂ ಈ ತೊಂದರೆ ಇರ್ಲಿಲ್ಲ ಅಂತ ಬರ್ದಿದೆ. ಸರೀನಾ?" ಎಂದಳು.

"ತಪ್ಪು. ನಮ್ಮಮ್ಮಂಗಿತ್ತು."

"ಒಣದ್ದಾ, ಒದ್ದೇದಾ?"

"ಗೊತ್ತಿಲ್ಲ."

"ಎಲ್ಲಿ ತೋರ್ಸಿದ್ರಿ?"

"ತೋರಿಸ್ಲಿಲ್ಲ."

"ಯಾಕೆ, ಅವರು ಹೇಳ್ಕೊಂಡಿರ್ಲಿಲ್ವಾ?"

"ಹೇಳ್ಕೊಂಡಿದ್ಲು" ಎಂದ ಚೆನ್ನರಾಯಪ್ಪ. "ನಾನು ನಾಲ್ಕು ಜನರನ್ನ ಸೇರಿಸಿ ನಗಿಸ್ದೆ."

ಅದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ. ಹುಡುಗಿ ತಾಯಿ ಎಂದಿದ್ದ ಕಡೆ ಹೌದು ಎಂದು ಬರೆದು, ಸ್ವಲ್ಪ ಹೊತ್ತು ಕೂತಿರಿ ತಾತ, ಕರೀತಾರೆ ಎಂದು ಹೋದಳು. ಹನಿ ಹಾಕಿದ ಕಣ್ಣಿಗೆ ಬೆಳಕು ಚುಚ್ಚುತ್ತಿತ್ತು. ಶಾಂತಕುಮಾರಿ ಪಕ್ಕದಲ್ಲಿ ಕೂತಿದ್ದಾಳೆಂದು ಅವನಿಗೆ ಗೊತ್ತಿತ್ತು, ಅವಳು ತನ್ನ ಕಡೆಗೇ ನೋಡುತ್ತಿದ್ದಾಳೆಂದೂ ಗೊತ್ತಿತ್ತು. ಅವನು ಅವಳ ಕಿವಿಯಾಚೆ, ಗೋಡೆಯ ಮೇಲಿನ ಗಡಿಯಾರದ ಕಡೆಗೆ ಕಣ್ಣಿಟ್ಟು, ಒಳಗಿಂದ ತನ್ನ ಹೆಸರು ಕೂಗುವ ತನಕ ಅವಳನ್ನೇ ನೋಡುತ್ತ ಕೂತ.